ನರಕೋಶದ ಬಾಗಿಲು

“ಅರವತ್ತಕ್ಕೆ ಅರಳುಮರಳು” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮನೆಯಲ್ಲಿ ವಯಸ್ಸಾದ ಅಜ್ಜಿಯೊಬ್ಬರು ತಮ್ಮ ಮದುವೆಯ ದಿನ ಪಂಕ್ತಿಯಲ್ಲಿ ಏನೇನು ಬಡಿಸಿದರೆಂಬುದನ್ನು ಒಂದೂ ತಪ್ಪದೆ ಹೇಳುವರು, ಆದರೆ ಅರ್ಧ ಗಳಿಗೆಯ ಹಿಂದೆ ತಾವು ಊಟಮಾಡಿದುದನ್ನು ಮರೆತು, “ನನಗಿನ್ನೂ ಎಲೆ ಹಾಕಲಿಲ್ಲವೇನಮ್ಮಾ?” ಎಂದು ಸೊಸೆಯನ್ನು ಕೇಳುವರು. ಮೊದಮೊದಲು ಮಕ್ಕಳು ನಗುವರು. ಬಳಿಕ ಸೊಸೆಗೆ ಬೇಸರ, ಮಗನಿಗೆ ಸಂಕಟ. “ಬೇಕೆಂದೇ ಹೀಗೆ ಮಾಡುತ್ತಾರೆ” ಎಂದು ಎಣಿಸಿ ಗದರಿಸುವವರೂ ಉಂಟು.

ಇಂತಹ ಮರೆವು ಹಟವೂ ಅಲ್ಲ, ಸ್ವಭಾವದ ದೋಷವೂ ಅಲ್ಲ. ಅನೇಕ ಸಂದರ್ಭಗಳಲ್ಲಿ ಅದು ಮಿದುಳಿನೊಳಗಿನ ಕೆಲವು ನರಕೋಶಗಳು ಸೊರಗಿ ಅಳಿಯುವುದರ ಫಲ. ನರಕೋಶಗಳು ಏಕೆ ಅಳಿಯುತ್ತವೆ, ಅಳಿಯದೆ ಇರುವಷ್ಟು ಕಾಲ ಯಾವುದರ ಬಲದಿಂದ ಬಾಳುತ್ತವೆ ಎಂಬ ಪ್ರಶ್ನೆಯನ್ನು ಬೆನ್ನಟ್ಟಿ ಹೋದವರ ಕಥೆಯು ಬಹು ಸ್ವಾರಸ್ಯವಾದುದು. ಅದನ್ನು ಗೃಹಸ್ಥರಿಗೆ ತಿಳಿಯುವಂತೆ ಹೇಳುವುದೇ ಈ ಲೇಖನದ ಉದ್ದೇಶ.

ನರಕೋಶದ ರೀತಿ

ನಮ್ಮ ಶರೀರವು ಅಸಂಖ್ಯಾತ ಜೀವಕೋಶಗಳಿಂದಾದುದೆಂಬುದನ್ನು ವಾಚಕರು ಬಲ್ಲರು. ಚರ್ಮದ ಕೋಶವೊಂದು ಸತ್ತರೆ ಅದರ ಸ್ಥಾನಕ್ಕೆ ಹೊಸದೊಂದು ಬರುವುದು. ಗಾಯಗಳು ಮಾಯುವುದು ಹೀಗೆಯೇ. ನರಕೋಶದ ರೀತಿ ಬೇರೆ. ಅದು ಒಮ್ಮೆ ಬಲಿತ ಮೇಲೆ ಒಡೆದು ಎರಡಾಗುವುದಿಲ್ಲ. ಎಳೆತನದಲ್ಲಿ ದೊರೆತ ನರಕೋಶಗಳಿಂದಲೇ ಮನುಷ್ಯನು ಬಹುಮಟ್ಟಿಗೆ ಮುಪ್ಪಿನವರೆಗೂ ಸಂಸಾರ ಸಾಗಿಸಬೇಕು. ಅದರ ಆಕಾರವೂ ವಿಚಿತ್ರವಾದುದು. ಒಡಲು ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ಆ ಒಡಲಿನಿಂದ ಹೊರಟ ಎಳೆಯು ಬಹುದೂರ ಹೋಗಬಲ್ಲದು. ಬೆನ್ನೆಲುಬಿನ ಬಳಿಯಿರುವ ಒಂದು ಕೋಶದ ಎಳೆಯು ಕಾಲಿನ ಹೆಬ್ಬೆರಳನ್ನು ಮುಟ್ಟಬೇಕಾದರೆ ಸುಮಾರು ಒಂದು ಮೀಟರು ನಡೆದಿರಬೇಕು.

ಇದಕ್ಕಿಂತಲೂ ಆಶ್ಚರ್ಯವಾದ ಸಂಗತಿಯೊಂದುಂಟು. ಶಿಶುವು ಗರ್ಭದಲ್ಲಿ ಬೆಳೆಯುವಾಗ ಪ್ರಕೃತಿಯು ಬೇಕಾದುದಕ್ಕಿಂತ ಹೆಚ್ಚು ನರಕೋಶಗಳನ್ನು ಹುಟ್ಟಿಸುತ್ತದೆ. ಅವುಗಳಲ್ಲಿ ಹಲವು ಗುಂಪುಗಳಿಗೆ ಸೇರಿದವು ಅರ್ಧದಷ್ಟು ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ಸತ್ತುಹೋಗುತ್ತವೆ. ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಎಂಬುದನ್ನು ನಿರ್ಣಯಿಸುವವರು ಯಾರು? ಈ ಪ್ರಶ್ನೆಗೆ ಮೊದಲನೆಯ ಉತ್ತರವು ದೊರೆತುದು ದೊಡ್ಡ ಪ್ರಯೋಗಶಾಲೆಯಲ್ಲಲ್ಲ; ಯುದ್ಧಕಾಲದ ಇಟಲಿಯಲ್ಲಿ, ಒಬ್ಬ ಹೆಂಗಸಿನ ಮಲಗುವ ಕೋಣೆಯಲ್ಲಿ.

ಹೊಲಿಗೆಯ ಸೂಜಿ ಮತ್ತು ಕೋಳಿಮೊಟ್ಟೆ

ರೀಟಾ ಲೇವಿ-ಮೊಂಟಾಲ್ಚೀನಿ ಎಂಬಾಕೆ ೧೯೦೯ನೆಯ ಇಸವಿ ಏಪ್ರಿಲ್ ೨೨ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಒಂದು ಯಹೂದ್ಯ ಮನೆತನದಲ್ಲಿ ಜನಿಸಿದರು. ಹೆಣ್ಣುಮಕ್ಕಳು ಉಚ್ಚ ವಿದ್ಯೆಯನ್ನು ಕಲಿತರೆ ಗೃಹಿಣೀಧರ್ಮಕ್ಕೆ ಅಡ್ಡಿಯಾಗುವುದೆಂದು ತಂದೆಯ ಅಭಿಪ್ರಾಯ. ತಮ್ಮನ್ನು ಎತ್ತಿ ಆಡಿಸಿದ್ದ ಮನೆಯ ದಾದಿಯು ಕ್ಯಾನ್ಸರ್ ರೋಗದಿಂದ ತೀರಿಕೊಂಡಾಗ ರೀಟಾ ವೈದ್ಯವಿದ್ಯೆಯನ್ನು ಕಲಿಯಲೇಬೇಕೆಂದು ನಿಶ್ಚಯಿಸಿ, ತಂದೆಯನ್ನು ಒಪ್ಪಿಸಿ, ೧೯೩೬ರಲ್ಲಿ ಟ್ಯೂರಿನ್ ವಿಶ್ವವಿದ್ಯಾಲಯದಿಂದ ಉನ್ನತ ಶ್ರೇಣಿಯಲ್ಲಿ ಪದವಿಯನ್ನು ಪಡೆದರು. ಎರಡೇ ವರ್ಷ ಕಳೆಯಿತು. ೧೯೩೮ರಲ್ಲಿ ಮುಸೊಲಿನಿಯ ಸರಕಾರವು ಯಹೂದ್ಯರನ್ನು ವಿದ್ಯಾಸಂಸ್ಥೆಗಳಿಂದ ಹೊರದೂಡುವ ಶಾಸನಗಳನ್ನು ಮಾಡಿತು. ರೀಟಾರವರ ಕೆಲಸ ಹೋಯಿತು; ಅವರ ಗುರುಗಳಾದ ಜೂಸೆಪ್ಪೆ ಲೇವಿಯವರ ಕೆಲಸವೂ ಹೋಯಿತು.

ಕೈಕಟ್ಟಿ ಕುಳಿತುಕೊಳ್ಳುವ ಸ್ವಭಾವ ಆಕೆಯದಲ್ಲ. ತಮ್ಮ ಮಲಗುವ ಕೋಣೆಯಲ್ಲಿಯೇ ಒಂದು ಸೂಕ್ಷ್ಮದರ್ಶಕವನ್ನಿಟ್ಟುಕೊಂಡು, ಹೊಲಿಗೆಯ ಸೂಜಿಗಳನ್ನು ಮಸೆದು ಶಸ್ತ್ರಗಳನ್ನಾಗಿ ಮಾಡಿಕೊಂಡು, ಕಾವಿಗೆ ಇಟ್ಟ ಕೋಳಿಮೊಟ್ಟೆಗಳ ಮೇಲೆ ಪ್ರಯೋಗಗಳನ್ನು ಆರಂಭಿಸಿದರು. ಮೊಟ್ಟೆಯೊಳಗಿನ ಪಿಂಡದಿಂದ ಕಾಲು ಅಥವಾ ರೆಕ್ಕೆಯ ಮೊಳಕೆಯನ್ನು ತೆಗೆದುಹಾಕಿದರೆ, ಆ ಅಂಗಕ್ಕೆ ಹೋಗಬೇಕಾಗಿದ್ದ ನರಕೋಶಗಳ ಗತಿ ಏನಾಗುವುದೆಂದು ನೋಡುವುದೇ ಅವರ ಉದ್ದೇಶ. ನಗರದ ಮೇಲೆ ಬಾಂಬುಗಳು ಬೀಳತೊಡಗಿದ ಮೇಲೆ ಕುಟುಂಬವು ಹಳ್ಳಿಯೊಂದಕ್ಕೆ ಹೋಯಿತು. ಪ್ರಯೋಗಶಾಲೆಯೂ ಜೊತೆಗೇ ಹೋಯಿತು. ಮೊಟ್ಟೆಗಳು ದುರ್ಲಭವಾಗಿದ್ದ ಆ ದಿನಗಳಲ್ಲಿ ರೈತರ ಮನೆಮನೆಗೂ ಹೋಗಿ ಕೇಳಿ ತರುತ್ತಿದ್ದರು. ಹಿಂದೆ ಗುರುಗಳಾಗಿದ್ದ ಜೂಸೆಪ್ಪೆ ಲೇವಿಯವರು ಈಗ ಶಿಷ್ಯೆಯ ಕೋಣೆಗೆ ಬಂದು ಆಕೆಗೆ ಸಹಾಯಕರಾಗಿ ನಿಂತರು.

ಅವರು ಕಂಡುದೇನೆಂದರೆ: ಅಂಗವನ್ನು ತೆಗೆದ ಮಾತ್ರಕ್ಕೆ ನರಕೋಶಗಳು ಹುಟ್ಟುವುದು ನಿಲ್ಲಲಿಲ್ಲ. ಅವು ಎಂದಿನಂತೆ ಹುಟ್ಟಿದವು, ಎಳೆಯನ್ನು ಚಾಚಿದವು; ಆದರೆ ಚಾಚಿದ ಎಳೆಗೆ ಸೇರಬೇಕಾದ ಸ್ಥಳವು ದೊರೆಯದೆ ಸತ್ತುಹೋದವು. ಎಂದರೆ, ತಾನು ಸೇವಿಸಬೇಕಾದ ಅಂಗದಿಂದ ನರಕೋಶಕ್ಕೆ ಏನೋ ಒಂದು ಪೋಷಣೆಯು ಮರಳಿ ಬರುತ್ತಿರಬೇಕು. ಅದು ಬಂದರೆ ಬದುಕು, ಬಾರದಿದ್ದರೆ ಸಾವು. ಆ ‘ಏನೋ ಒಂದು’ ಯಾವುದು?

ಗಡ್ಡೆ, ವಿಷ, ಜೊಲ್ಲು

ಯುದ್ಧವು ಮುಗಿದ ಮೇಲೆ, ೧೯೪೭ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ವಿಕ್ಟರ್ ಹ್ಯಾಂಬರ್ಗರ್ ಎಂಬ ವಿದ್ವಾಂಸರು ರೀಟಾರವರನ್ನು ಕರೆಸಿಕೊಂಡರು. ಕೆಲವು ತಿಂಗಳಿಗೆಂದು ಹೋದವರು ಅಲ್ಲಿ ಸುಮಾರು ಮೂವತ್ತು ವರ್ಷ ಕೆಲಸಮಾಡಿದರು. ಇಲಿಯ ಒಂದು ಬಗೆಯ ಕ್ಯಾನ್ಸರ್ ಗಡ್ಡೆಯನ್ನು ಕೋಳಿಯ ಪಿಂಡಕ್ಕೆ ಕಸಿಮಾಡಿದರೆ ನರಗಳು ಆ ಗಡ್ಡೆಯೊಳಕ್ಕೆ ನುಗ್ಗುವುದನ್ನು ಎಲ್ಮರ್ ಬ್ಯೂಕರ್ ಎಂಬವರು ೧೯೪೮ರಲ್ಲಿ ಪ್ರಕಟಿಸಿದ್ದರು. ಗಡ್ಡೆಯನ್ನು ಪಿಂಡಕ್ಕೆ ಮುಟ್ಟದಂತೆ ಹೊರಪೊರೆಯ ಮೇಲಿಟ್ಟರೂ ನರಗಳು ಹುಲುಸಾಗಿ ಬೆಳೆಯುವುದನ್ನು ರೀಟಾ ಕಂಡರು. ಆದಕಾರಣ ಗಡ್ಡೆಯಿಂದ ಯಾವುದೋ ದ್ರವ್ಯವು ಹೊರಟು ರಕ್ತದಲ್ಲಿ ಹರಿದುಬರುತ್ತಿರಬೇಕೆಂದು ನಿಶ್ಚಯವಾಯಿತು. ೧೯೫೨ರಲ್ಲಿ ಗಡ್ಡೆಯುಳ್ಳ ಎರಡು ಇಲಿಗಳನ್ನು ಜೊತೆಯಲ್ಲಿಯೇ ವಿಮಾನದಲ್ಲಿ ತೆಗೆದುಕೊಂಡು ಬ್ರೆಜಿಲಿನ ರಿಯೊ ಡಿ ಜನೈರೊ ನಗರಕ್ಕೆ ಹೋಗಿ, ಅಲ್ಲಿ ಗಾಜಿನ ತಟ್ಟೆಯಲ್ಲಿ ನರಕೋಶಗಳ ಗಂಟನ್ನೂ ಗಡ್ಡೆಯ ತುಣುಕನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರು. ಒಂದು ಹಗಲು ಒಂದು ರಾತ್ರಿ ಕಳೆಯುವುದರೊಳಗೆ ಗಂಟಿನ ಸುತ್ತಲೂ ಸೂರ್ಯನ ಕಿರಣಗಳಂತೆ ಎಳೆಗಳು ಹೊರಟು ನಿಂತಿದ್ದವು.

ಆ ದ್ರವ್ಯವನ್ನು ಶೋಧಿಸಿ ತೆಗೆಯುವ ಕೆಲಸಕ್ಕೆ ೧೯೫೩ರಲ್ಲಿ ಸ್ಟ್ಯಾನ್ಲಿ ಕೋಹೆನ್ ಎಂಬ ರಸಾಯನಜ್ಞರು ಬಂದರು. ದ್ರವ್ಯದೊಡನೆ ಬೆರೆತಿದ್ದ ಬೇರೆ ಅಂಶಗಳನ್ನು ಕೆಡಿಸುವುದಕ್ಕಾಗಿ ಅವರು ಸ್ವಲ್ಪ ಹಾವಿನ ವಿಷವನ್ನು ಸೇರಿಸಿದರು. ನೋಡಿದರೆ ದ್ರವ್ಯದ ಶಕ್ತಿಯು ತಗ್ಗುವ ಬದಲು ಅತಿಶಯವಾಗಿ ಹೆಚ್ಚಿತು! ಹಾವಿನ ವಿಷದಲ್ಲಿಯೇ ಆ ದ್ರವ್ಯವು ಗಡ್ಡೆಯಲ್ಲಿದ್ದುದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಇದ್ದಿತು. ಹಾವಿಗೆ ವಿಷದ ಗ್ರಂಥಿಯು ಹೇಗೋ ಬೇರೆ ಪ್ರಾಣಿಗಳಿಗೆ ಜೊಲ್ಲಿನ ಗ್ರಂಥಿಯು ಹಾಗೆ ಎಂಬುದನ್ನು ಯೋಚಿಸಿ ಕೋಹೆನರು ಗಂಡು ಇಲಿಯ ಜೊಲ್ಲಿನ ಗ್ರಂಥಿಯನ್ನು ಪರೀಕ್ಷಿಸಲು, ಅಲ್ಲಿಯೂ ಅದು ಯಥೇಚ್ಛವಾಗಿ ದೊರೆಯಿತು. ಅದೊಂದು ಪ್ರೋಟೀನು. ಇಲಿಯಿಂದ ತೆಗೆದ ಈ ಪ್ರೋಟೀನಿನಲ್ಲಿ ಎರಡು ಸರಪಣಿಗಳೂ ಒಂದೊಂದರಲ್ಲಿ ೧೧೮ ಅಮೈನೋ ಆಮ್ಲದ ಕೊಂಡಿಗಳೂ ಇವೆಯೆಂದು ೧೯೭೧ರಲ್ಲಿ ಗೊತ್ತಾಯಿತು. ಆಂಗ್ಲ ಭಾಷೆಯಲ್ಲಿ ಇದಕ್ಕೆ ನರ್ವ್ ಗ್ರೋತ್ ಫ್ಯಾಕ್ಟರ್ ಎಂದು ಹೆಸರು. ನಾವಿಲ್ಲಿ ನರವರ್ಧಕವೆಂದು ಕರೆಯೋಣ. ಈ ಸಂಶೋಧನೆಗಾಗಿ ರೀಟಾರವರಿಗೂ ಕೋಹೆನರಿಗೂ ೧೯೮೬ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಎರಡು ಬಾಗಿಲುಗಳು

ದ್ರವ್ಯವೇನೋ ಸಿಕ್ಕಿತು. ಆದರೆ ಅದು ಕೋಶಕ್ಕೆ “ಬದುಕು” ಎಂದು ಹೇಳುವುದು ಹೇಗೆ? ನರಕೋಶದ ಸುತ್ತಲೂ ತೆಳುವಾದ ಪೊರೆಯೊಂದುಂಟು. ನರವರ್ಧಕವು ಅದನ್ನು ತಾನಾಗಿ ದಾಟಲಾರದು. ಮನೆಗೆ ಬಂದ ಅಂಚೆಯವನು ಬಾಗಿಲು ತಟ್ಟಬೇಕಲ್ಲದೆ ಗೋಡೆಯನ್ನು ತೂರಿ ಬರಲಾರನಷ್ಟೆ. ಹಾಗೆ ತಟ್ಟತಕ್ಕ ಬಾಗಿಲುಗಳು ಪೊರೆಯಲ್ಲಿಯೇ ನೆಟ್ಟಿರುವ ಬೇರೆ ಪ್ರೋಟೀನುಗಳು. ಅವಕ್ಕೆ ಗ್ರಾಹಕಗಳೆಂದು ಹೆಸರು. ಗ್ರಾಹಕದ ಒಂದು ತುದಿ ಕೋಶದ ಹೊರಗೆ, ಇನ್ನೊಂದು ತುದಿ ಒಳಗೆ.

ನರವರ್ಧಕಕ್ಕೆ ಇಂತಹ ಬಾಗಿಲುಗಳು ಎರಡುಂಟು. ಒಂದರ ಹೆಸರು ಟ್ರ್ಯಾಕ್-ಎ. ಇದರ ಪತ್ತೆಯಾದುದು ವಿಚಿತ್ರವಾದ ರೀತಿಯಲ್ಲಿ. ೧೯೮೬ರಲ್ಲಿ ಮಾರಿಯಾನೊ ಬಾರ್ಬಾಸಿಡ್ ಎಂಬವರ ಪ್ರಯೋಗಶಾಲೆಯಲ್ಲಿ ಮನುಷ್ಯನ ಕರುಳಿನ ಕ್ಯಾನ್ಸರ್ ಒಂದನ್ನು ಪರೀಕ್ಷಿಸುತ್ತಿದ್ದಾಗ ಮುರಿದು ಬೇರೊಂದರೊಡನೆ ಕೂಡಿಕೊಂಡಿದ್ದ ಒಂದು ಜೀನು ಕಂಡುಬಂದಿತು. ಅದರ ಸಹಜವಾದ ರೂಪವು ನರಕೋಶಗಳಲ್ಲಿ ನರವರ್ಧಕವನ್ನು ಬರಮಾಡಿಕೊಳ್ಳುವ ಬಾಗಿಲೆಂದು ೧೯೯೧ರಲ್ಲಿ ತಿಳಿಯಿತು. ನರವರ್ಧಕವು ಎಳೆಯ ತುದಿಗೆ ಬಂದು ಮುಟ್ಟಿದಾಗ ಎರಡು ಟ್ರ್ಯಾಕ್-ಎ ಗ್ರಾಹಕಗಳು ಜೋಡಿಯಾಗಿ, ಒಳಗಿನ ತುದಿಗಳಲ್ಲಿ ಒಂದಕ್ಕೊಂದು ರಂಜಕದ ಅಂಶವನ್ನು ಅಂಟಿಸಿಕೊಳ್ಳುತ್ತವೆ. ಅಷ್ಟರಿಂದ ಒಳಗೆ ಒಂದರ ಹಿಂದೊಂದು ಕ್ರಿಯೆಗಳು ನಡೆಯತೊಡಗುತ್ತವೆ. ಬಾಗಿಲೂ ಬಂದವನೂ ಕೂಡಿ ಪೊರೆಯ ಒಂದು ಗುಳ್ಳೆಯೊಳಗೆ ಸೇರಿ, ಎಳೆಯ ಉದ್ದಕ್ಕೂ ಹಿಂದಕ್ಕೆ ಸಾಗಿ, ದೂರದ ಒಡಲನ್ನು ತಲಪುತ್ತವೆ. ಅಲ್ಲಿ ಕೋಶವನ್ನು ಉಳಿಸತಕ್ಕ ಜೀನುಗಳು ಎಚ್ಚರಗೊಳ್ಳುತ್ತವೆ.

ಇನ್ನೊಂದು ಬಾಗಿಲಿನ ಹೆಸರು ಪಿ ೭೫. ಇದರ ನಡತೆ ಎರಡು ಬಗೆ. ಟ್ರ್ಯಾಕ್-ಎ ಜೊತೆಯಲ್ಲಿರುವಾಗ ಇದು ಅದಕ್ಕೆ ನೆರವಾಗಿ ನರವರ್ಧಕದ ಹಿಡಿತವನ್ನು ಬಲಪಡಿಸುವುದು. ಟ್ರ್ಯಾಕ್-ಎ ಇಲ್ಲದೆ ಒಂಟಿಯಾಗಿದ್ದಾಗಲಾದರೋ ಕೋಶಕ್ಕೆ ಸಾವಿನ ಸನ್ನೆಯನ್ನು ಕೊಡಬಲ್ಲದು. ನರವರ್ಧಕವು ಮೊದಲು ಒಂದು ಉದ್ದವಾದ ಹಸಿ ರೂಪದಲ್ಲಿ ಹುಟ್ಟಿ, ಬಳಿಕ ಕತ್ತರಿಸಲ್ಪಟ್ಟು ಪಕ್ವವಾಗುತ್ತದೆ. ಪಕ್ವವಾದ ರೂಪವು ಟ್ರ್ಯಾಕ್-ಎ ಬಾಗಿಲನ್ನು ತಟ್ಟಿ ಬದುಕಿಸಿದರೆ, ಹಸಿ ರೂಪವು ಪಿ ೭೫ ಬಾಗಿಲಿಗೆ ಹೆಚ್ಚಾಗಿ ಅಂಟಿಕೊಂಡು ಕೊಲ್ಲಬಲ್ಲದೆಂದು ೨೦೦೧ರಲ್ಲಿ ತೋರಿಸಲ್ಪಟ್ಟಿತು. ಅಂದಮೇಲೆ ಬಂದ ಓಲೆಯಷ್ಟೇ ಮುಖ್ಯವಲ್ಲ. ಅದು ಯಾವ ರೂಪದಲ್ಲಿ ಬಂದಿತು, ಯಾವ ಬಾಗಿಲಲ್ಲಿ ಬಂದಿತು ಎಂಬುದೂ ಮುಖ್ಯ.

ಬಾಗಿಲಿಲ್ಲದ ಮಕ್ಕಳು

ಟ್ರ್ಯಾಕ್-ಎ ಇಲ್ಲದಿದ್ದರೆ ಮನುಷ್ಯನ ಗತಿ ಏನು? ಇದನ್ನು ಪ್ರಕೃತಿಯೇ ದುಃಖಕರವಾದ ರೀತಿಯಲ್ಲಿ ತೋರಿಸಿಕೊಟ್ಟಿದೆ. ಬಹಳ ಅಪರೂಪವಾಗಿ ಕೆಲವು ಮಕ್ಕಳು ನೋವಿನ ಅರಿವೂ ಬೆವರೂ ಇಲ್ಲದೆ ಹುಟ್ಟುತ್ತಾರೆ. ಹಲ್ಲು ಬಂದೊಡನೆ ತಮ್ಮ ನಾಲಗೆಯನ್ನೂ ಬೆರಳುಗಳನ್ನೂ ಕಚ್ಚಿ ಗಾಯಮಾಡಿಕೊಳ್ಳುವರು. ಬಿಸಿ ಪಾತ್ರೆಯನ್ನು ಮುಟ್ಟಿದರೂ ಕೈಯನ್ನು ಹಿಂತೆಗೆಯರು. ಮೂಳೆ ಮುರಿದರೂ ಅಳದೆ ನಡೆದಾಡುವರು. ಬೆವರದಿರುವುದರಿಂದ ಬೇಸಗೆಯಲ್ಲಿ ಮೈಕಾವು ವಿಪರೀತವಾಗಿ ಏರಿ ಪ್ರಾಣಕ್ಕೇ ಸಂಚಕಾರ. ಅನೇಕರಲ್ಲಿ ಬುದ್ಧಿಯ ಬೆಳವಣಿಗೆಯೂ ಹಿಂದುಳಿಯುವುದು. ಈ ಮಕ್ಕಳಲ್ಲಿ ಟ್ರ್ಯಾಕ್-ಎ ಗ್ರಾಹಕದ ಜೀನೇ ಕೆಟ್ಟಿರುವುದೆಂದು ಜಪಾನಿನ ಸಂಶೋಧಕರು ೧೯೯೬ರಲ್ಲಿ ಕಂಡುಹಿಡಿದರು. ನರವರ್ಧಕವು ಇದ್ದರೂ ಬಾಗಿಲಿಲ್ಲ; ಆದುದರಿಂದ ನೋವನ್ನು ತಿಳಿಸುವ ನರಕೋಶಗಳೂ ಬೆವರುಗ್ರಂಥಿಗಳಿಗೆ ಹೋಗುವ ನರಕೋಶಗಳೂ ಗರ್ಭದಲ್ಲಿಯೇ ಅಳಿದುಹೋಗಿರುತ್ತವೆ.

ತಂದೆತಾಯಿಗಳಿಬ್ಬರಿಂದಲೂ ಕೆಟ್ಟ ಜೀನು ಬಂದರೆ ಮಾತ್ರ ಮಗುವಿಗೆ ಈ ವ್ಯಾಧಿ ಬರುವುದು. ಒಂದೇ ಮನೆತನದೊಳಗೆ ಮದುವೆಯಾದವರಲ್ಲಿ ಇಬ್ಬರೂ ಅದೇ ದೋಷವನ್ನು ಹೊತ್ತಿರುವ ಸಂಭವ ಹೆಚ್ಚು. ಸೋದರಮಾವ, ಅತ್ತೆಯ ಮಗ ಎಂದು ಬಳಕೆಯಲ್ಲಿ ಹೆಣ್ಣು ಕೊಟ್ಟು ತರುವ ನಮ್ಮ ನಾಡಿನವರು ಈ ಮಾತನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು. ನೋವೆಂಬುದು ಶತ್ರುವಲ್ಲ, ಮೈಗಾವಲಿನವನು ಎಂಬುದನ್ನೂ ಈ ಮಕ್ಕಳಿಂದ ತಿಳಿಯಬಹುದು.

ನೆನಪಿನ ಬೇರು

ಇನ್ನು ಮಿದುಳಿನ ಮಾತು. ಮುಂಮಿದುಳಿನ ಬುಡದಲ್ಲಿ, ಕಣ್ಣುಗಳ ಹಿಂದೆ ಆಳದಲ್ಲಿ, ನರಕೋಶಗಳ ಕೆಲವು ಗುಂಪುಗಳಿವೆ. ಅವುಗಳಲ್ಲೊಂದಕ್ಕೆ ವಿಯೆನ್ನಾ ನಗರದ ವೈದ್ಯ ಮೈನೆರ್ಟ್ ಎಂಬವರ ಹೆಸರಿಟ್ಟಿದ್ದಾರೆ. ಇವು ಸಂಖ್ಯೆಯಲ್ಲಿ ಸ್ವಲ್ಪವಾದರೂ ಇವುಗಳ ಎಳೆಗಳು ಮಿದುಳಿನ ಹೊರಪದರದ ಎಲ್ಲೆಡೆಗೂ, ಹೊಸ ಸಂಗತಿಗಳನ್ನು ನೆನಪಿನಲ್ಲಿ ನಿಲ್ಲಿಸುವ ಹಿಪ್ಪೊಕ್ಯಾಂಪಸ್ ಎಂಬ ಭಾಗಕ್ಕೂ ಹರಡಿ, ಅಲ್ಲಿ ಅಸಿಟೈಲ್‌ಕೋಲೀನ್ ಎಂಬ ರಸವನ್ನು ಸುರಿಸುತ್ತವೆ. ಗಮನವಿಟ್ಟು ನೋಡುವುದಕ್ಕೂ ಕಲಿತುದನ್ನು ಉಳಿಸಿಕೊಳ್ಳುವುದಕ್ಕೂ ಈ ರಸವು ಬೇಕು. ಇದಕ್ಕೆ ಪ್ರತಿಯಾಗಿ ಹೊರಪದರವೂ ಹಿಪ್ಪೊಕ್ಯಾಂಪಸ್ಸೂ ನರವರ್ಧಕವನ್ನು ತಯಾರಿಸಿ ಆ ಎಳೆಗಳಿಗೆ ಒಪ್ಪಿಸುತ್ತವೆ. ಬುಡದ ಈ ಕೋಶಗಳಲ್ಲಿ ಟ್ರ್ಯಾಕ್-ಎ, ಪಿ ೭೫ ಎರಡು ಬಾಗಿಲುಗಳೂ ಉಂಟು. ಯಜಮಾನನು ದುಡಿಯುವನು, ಮನೆಯವರು ಅವನಿಗೆ ಅನ್ನವಿಕ್ಕುವರು ಎಂಬಂತೆ ಕೊಡುಕೊಳ್ಳುವಿಕೆಯು ಬಾಳಿನುದ್ದಕ್ಕೂ ನಡೆಯುತ್ತದೆ.

೧೯೦೬ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ ಎಂಬವರು ಮೊದಲು ವರ್ಣಿಸಿದ ಮರೆವಿನ ರೋಗದಲ್ಲಿ ಮಿದುಳಿನ ತುಂಬ ಅಂಟಾದ ಮಚ್ಚೆಗಳೂ ಕೋಶಗಳೊಳಗೆ ಸಿಕ್ಕುಗಳೂ ಕಂಡುಬರುತ್ತವೆ. ಅದೇ ರೋಗದಲ್ಲಿ ಬುಡದ ಈ ಕೋಶಗಳೂ ಬೇಗ ಸೊರಗಿ ಅಳಿಯುತ್ತವೆಂದು ೧೯೮೦ರ ಆಸುಪಾಸಿನಲ್ಲಿ ತಿಳಿಯಿತು. ಹಾಗಾದರೆ ನರವರ್ಧಕವು ಬತ್ತಿಹೋಗಿರಬೇಕೆಂದು ಮೊದಲು ಎಣಿಸಿದ್ದರು. ತೀರಿಕೊಂಡ ರೋಗಿಗಳ ಮಿದುಳನ್ನು ಪರೀಕ್ಷಿಸಿದಾಗ ಸಂಗತಿ ಬೇರೆಯಾಗಿ ಕಂಡಿತು. ಹಸಿ ರೂಪದ ನರವರ್ಧಕವು ಕಡಮೆಯಾಗುವ ಬದಲು ಹೆಚ್ಚಾಗಿತ್ತು. ಕಡಮೆಯಾಗಿದ್ದುದು ಟ್ರ್ಯಾಕ್-ಎ ಗ್ರಾಹಕ. ಬದುಕಿನ ಬಾಗಿಲು ಮುಚ್ಚುತ್ತ ಬಂದಿತ್ತು. ಇನ್ನೊಂದು ಬಾಗಿಲು ಬಹುಮಟ್ಟಿಗೆ ಹಾಗೆಯೇ ತೆರೆದಿತ್ತು. ಈ ರೋಗಕ್ಕೆ ಇದೊಂದೇ ಕಾರಣವೆಂದು ಹೇಳಲಾಗದು. ಆದರೆ ನೆನಪು ಸೋರುವ ಬಿರುಕುಗಳಲ್ಲಿ ಇದೂ ಒಂದು.

ಮದ್ದಿನ ಪ್ರಯತ್ನಗಳು

ಹಾಗಿದ್ದರೆ ನರವರ್ಧಕವನ್ನೇ ಮದ್ದಾಗಿ ಕೊಡಬಾರದೇಕೆ? ಇಲಿಗಳ ಮಿದುಳಿಗೆ ಕೊಟ್ಟಾಗ ಸಾಯುತ್ತಿದ್ದ ಕೋಶಗಳು ಉಳಿದವು. ೧೯೮೭ರಲ್ಲಿ ಮುದಿ ಇಲಿಗಳ ಮರೆವು ಕಡಮೆಯಾದುದೂ ಕಂಡಿತು. ಮನುಷ್ಯರಲ್ಲಿ ಅಷ್ಟು ಸುಲಭವಾಗಲಿಲ್ಲ. ಬಾಯಿಂದ ಕೊಟ್ಟರೆ ಈ ಪ್ರೋಟೀನು ಬೇಳೆಯ ಕಟ್ಟಿನಂತೆ ಜೀರ್ಣವಾಗಿ ಹೋಗುವುದು. ರಕ್ತಕ್ಕೆ ಚುಚ್ಚಿದರೆ ಮಿದುಳಿನ ಕಾವಲನ್ನು ದಾಟಲಾರದು. ೧೯೯೦ರ ದಶಕದಲ್ಲಿ ಸ್ವೀಡನ್ ದೇಶದಲ್ಲಿ ಮೂವರು ರೋಗಿಗಳ ಮಿದುಳಿನ ಕುಹರಕ್ಕೇ ಕೊಳವೆಯಿಂದ ಇಳಿಸಿದರು. ಆಗ ಅದು ನೋವಿನ ನರಗಳ ಬಾಗಿಲುಗಳನ್ನೂ ತಟ್ಟಿ ಬೆನ್ನುನೋವನ್ನು ಹುಟ್ಟಿಸಿತು. ರೋಗಿಗಳ ತೂಕವೂ ಇಳಿಯಿತು. ಆಮೇಲೆ ೨೦೦೧ರಿಂದ ಅಮೆರಿಕದಲ್ಲಿ ನರವರ್ಧಕದ ಜೀನನ್ನೇ ಮಿದುಳಿನ ಬುಡಕ್ಕೆ ಸೇರಿಸುವ ಪ್ರಯತ್ನಗಳು ನಡೆದವು. ೪೯ ರೋಗಿಗಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶವು ೨೦೧೮ರಲ್ಲಿ ಪ್ರಕಟವಾಯಿತು. ಅಪಾಯವಾಗಲಿಲ್ಲ, ಗುಣವೂ ಕಾಣಲಿಲ್ಲ. ಬಳಿಕ ತೀರಿಕೊಂಡವರ ಮಿದುಳನ್ನು ನೋಡಿದಾಗ, ಮದ್ದು ಸೇರಬೇಕಾದ ಕೋಶಗಳನ್ನು ಸೇರಿಯೇ ಇರಲಿಲ್ಲವೆಂದು ತಿಳಿಯಿತು. ಓಲೆಯು ಸರಿಯಾದ ಬಾಗಿಲನ್ನು ಮುಟ್ಟದಿದ್ದರೆ ಫಲವೇನು?

ಆದರೆ ಒಂದು ಕಡೆ ಈ ವಿದ್ಯೆಯು ಫಲಿಸಿದೆ. ಕಣ್ಣಿನ ಕರಿಗುಡ್ಡೆಯ ಮುಂದಿರುವ ಪಾರದರ್ಶಕ ಪೊರೆಯ ನರಗಳು ಕೆಟ್ಟು, ಅಲ್ಲಿ ಮಾಯದ ಹುಣ್ಣಾಗುವ ಒಂದು ರೋಗವುಂಟು. ಅದಕ್ಕೆ ಮನುಷ್ಯನ ನರವರ್ಧಕದಿಂದಲೇ ತಯಾರಾದ ಕಣ್ಣಿನ ಹನಿಯೊಂದು ಯೂರೋಪಿನಲ್ಲಿ ೨೦೧೭ರಲ್ಲಿಯೂ ಅಮೆರಿಕದಲ್ಲಿ ೨೦೧೮ರಲ್ಲಿಯೂ ಅಂಗೀಕಾರವನ್ನು ಪಡೆಯಿತು. ರೀಟಾರವರು ಇದನ್ನು ಕಾಣಲಿಲ್ಲ. ಅವರು ೨೦೧೨ರ ಡಿಸೆಂಬರ್ ೩೦ರಲ್ಲಿ, ೧೦೩ನೆಯ ವಯಸ್ಸಿನಲ್ಲಿ, ರೋಮ್ ನಗರದಲ್ಲಿ ಕಾಲವಾಗಿದ್ದರು.

ಗೃಹಸ್ಥರಿಗೆ ಎರಡು ಮಾತು

ಇದರಿಂದ ನಾವು ತಿಳಿಯತಕ್ಕದ್ದೇನು? ಮೊದಲನೆಯದಾಗಿ, ನರಗಳನ್ನು ಬೆಳೆಸಿ ನೆನಪನ್ನು ಮರಳಿಸುವೆವೆಂದು ಸಾರುವ ಟಾನಿಕ್ಕುಗಳ ಜಾಹೀರಾತಿಗೆ ಮರುಳಾಗಬಾರದು. ಅಷ್ಟು ಬುದ್ಧಿವಂತರು ಅಷ್ಟು ವರ್ಷ ಶ್ರಮಿಸಿದರೂ ಆ ಬಾಗಿಲನ್ನು ತಲಪುವ ದಾರಿಯು ಸುಲಭದಲ್ಲಿ ದೊರೆತಿಲ್ಲ. ಎರಡನೆಯದಾಗಿ, ಹಿರಿಯರ ಮರೆವನ್ನು “ವಯಸ್ಸಾಯಿತು” ಎಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು. ಥೈರಾಯ್ಡ್ ಗ್ರಂಥಿಯ ಕೊರತೆ, ಬಿ ೧೨ ಜೀವಸತ್ತ್ವದ ಕೊರತೆ, ಮನಸ್ಸಿನ ಖಿನ್ನತೆ ಇವುಗಳಿಂದ ಬಂದ ಮರೆವನ್ನು ಚಿಕಿತ್ಸೆಯಿಂದ ಎಷ್ಟೋ ಮಟ್ಟಿಗೆ ಸರಿಪಡಿಸಬಹುದು. ಆಲ್ಝೈಮರ್ ರೋಗವೇ ಆಗಿದ್ದರೂ, ಉಳಿದಿರುವ ಅಸಿಟೈಲ್‌ಕೋಲೀನ್ ಬೇಗ ನಾಶವಾಗದಂತೆ ತಡೆಯುವ ಔಷಧಗಳುಂಟು. ಅವು ರೋಗವನ್ನು ನಿಲ್ಲಿಸಲಾರವು, ಆದರೆ ಕೆಲವರಿಗೆ ಕೆಲವು ಕಾಲ ಉಪಶಮನವನ್ನು ಕೊಡುವುವು.

ಕೊನೆಯದಾಗಿ ಒಂದು ಮಾತು. ಅಜ್ಜಿಯು ಹತ್ತನೆಯ ಸಲ “ನನಗೆ ಎಲೆ ಹಾಕಲಿಲ್ಲವೇ?” ಎಂದು ಕೇಳಿದಾಗ, ಅವರು ಹಿಂದಿನ ಒಂಬತ್ತು ಸಲ ಕೇಳಿದುದನ್ನು ಬಲ್ಲವರು ನಾವು ಮಾತ್ರ, ಅವರ ಪಾಲಿಗೆ ಅದು ಮೊದಲನೆಯ ಸಲವೇ. ಆ ಪ್ರಶ್ನೆಗೆ ಮೊದಲ ಸಲದ ಮೃದುತ್ವದಿಂದಲೇ ಉತ್ತರ ಹೇಳುವುದು ಯಾವ ಔಷಧಾಲಯದಲ್ಲಿಯೂ ಸಿಕ್ಕದ ಶುಶ್ರೂಷೆ. ಅದು ಮನೆಯವರಿಂದ ಮಾತ್ರ ಆಗತಕ್ಕದ್ದು.